ಯಂತ್ರಕ್ಕೆ ಕಣ್ಣು ಆರಿಸುವ ಬಗೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾರ್ಖಾನೆಯ ಯಂತ್ರಗಳ ಮಾತೇಕೆ ಎಂದು ಓದುಗರಲ್ಲಿ ಕೆಲವರಾದರೂ ಕೇಳಬಹುದು. ಅದಕ್ಕೆ ಕಾರಣ ಉಂಟು. ಕಳೆದ ಬೇಸಿಗೆಯ ರಜೆಯಲ್ಲಿ ಎರಡು ತಿಂಗಳ ಕಾಲ ನಾನು ಮಾವಿನ ರಸವನ್ನು ಗಾಜಿನ ಬಾಟಲಿಗಳಿಗೆ ತುಂಬುವ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ತೊಳೆದ ಖಾಲಿ ಬಾಟಲಿಗಳು ಸಾಗುವ ಪಟ್ಟಿಯ ಮೇಲೆ ಸಾಲಾಗಿ ಬರುತ್ತಿದ್ದವು. ಪಟ್ಟಿಯ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಕರಿಯ ಪೆಟ್ಟಿಗೆ. ಅದರಿಂದ ಹೊರಟ ಕೆಂಪು ಬೆಳಕಿನ ಚುಕ್ಕೆ ಬಾಟಲಿಗಳ ಮೇಲೆ ಬೀಳುತ್ತಿತ್ತು. ಬಾಟಲಿಯೊಂದು ಹಾದುಹೋದಾಗಲೆಲ್ಲ ಗೋಡೆಯ ಹಲಗೆಯಲ್ಲಿ ಅಂಕಿ ಒಂದರಷ್ಟು ಏರುತ್ತಿತ್ತು. ಸಂಜೆ ಆ ಅಂಕಿಯನ್ನೂ, ಲಾರಿಗೆ ಏರಿದ ಬಾಟಲಿಗಳ ಲೆಕ್ಕವನ್ನೂ ಅಕ್ಕಪಕ್ಕದ ಕಲಮುಗಳಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ.

ಬರೆದಾಗಲೆಲ್ಲ ನಲವತ್ತು ಐವತ್ತು ಬಾಟಲಿ ಕಡಮೆ. ಒಡೆದವು ಐದೋ ಆರೋ. ಅವುಗಳ ಚೂರು ತೊಟ್ಟಿಯಲ್ಲಿ ಕಾಣುತ್ತಿತ್ತು. ಉಳಿದವು ಎಲ್ಲಿ ಹೋದವು? ಕಚೇರಿಯವರಿಗೆ ಉತ್ತರ ಸುಲಭವಾಗಿಯೇ ದೊರಕಿತು. ಯಂತ್ರಕ್ಕೆ ಆಸೆಯಿಲ್ಲ, ಆದುದರಿಂದ ಯಂತ್ರ ಕದಿಯುವುದಿಲ್ಲ. ಪೆಟ್ಟಿಗೆ ತುಂಬುವ ಹುಡುಗರಿಗೆ ಆಸೆಯುಂಟು, ಆದುದರಿಂದ ಕದ್ದವರು ಅವರೇ. ವಾರದ ಕೂಲಿಯಲ್ಲಿ ಕಡಮೆ ಬಿದ್ದ ಬಾಟಲಿಗಳ ಬೆಲೆಯನ್ನು ಮುರಿದುಕೊಂಡರು. ಮುರಿದುಕೊಂಡದ್ದು ನನ್ನ ಕಲಮುಗಳ ಆಧಾರದ ಮೇಲೆ. ತರ್ಕಶಾಸ್ತ್ರದ ತರಗತಿಯಲ್ಲಿ ಹೇತ್ವಾಭಾಸಗಳನ್ನು ಬಾಯಿಪಾಠ ಮಾಡಿದ್ದ ನನಗೂ ಆಗ ಏನೂ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಮೂರನೆಯ ವಾರದಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಮೇಸ್ತ್ರಿಗಳು ರಜೆಯಿಂದ ಹಿಂದಿರುಗಿದರು. ವಿಷಯವನ್ನು ಕೇಳಿ ಏನೂ ಮಾತನಾಡದೆ ಪಟ್ಟಿಯ ಬಳಿ ಅರ್ಧ ಗಂಟೆ ನಿಂತರು. ಆಮೇಲೆ ನನ್ನನ್ನು ಕರೆದು, “ಹಲಗೆಯನ್ನು ನೋಡಬೇಡ, ಬಾಟಲಿಯನ್ನು ನೋಡುತ್ತ ಅಂಕಿಯ ಸದ್ದು ಕೇಳು” ಎಂದರು. ಕೇಳಿದೆ. ಹೆಚ್ಚಿನ ಬಾಟಲಿಗಳಿಗೆ ಒಂದು ಟಿಕ್; ನಡುನಡುವೆ ಯಾವುದೋ ಒಂದು ಬಾಟಲಿಗೆ ಎರಡು ಟಿಕ್! ಆಗತಾನೆ ತೊಳೆದ ಬಾಟಲಿಯ ಮೈಮೇಲೆ ನೀರಿನ ಹನಿ ನಿಂತಿದ್ದರೆ, ಗಾಜಿನ ಬಾಗಿನಿಂದ ಒಮ್ಮೆ, ಹನಿಯಿಂದ ಮತ್ತೊಮ್ಮೆ ಬೆಳಕು ಮಿಂಚಿ ಪೆಟ್ಟಿಗೆಗೆ ಹಿಂದಿರುಗುತ್ತಿತ್ತು. ಎರಡು ಮಿಂಚಿಗೆ ಎರಡು ಬಾಟಲಿ. ಕಳುವಾದ ಬಾಟಲಿಗಳು ಎಂದೂ ಇದ್ದೇ ಇರಲಿಲ್ಲ.

ಯಂತ್ರದ ಕಣ್ಣು ಸುಳ್ಳು ಹೇಳಿರಲಿಲ್ಲ. ಆ ಕೆಲಸಕ್ಕೆ ತಕ್ಕ ಕಣ್ಣನ್ನು ಯಾರೂ ಆರಿಸಿರಲಿಲ್ಲ, ಅಷ್ಟೇ. ಆರಿಸುವುದು ಹೇಗೆಂದು ಮೇಸ್ತ್ರಿಗಳು ಊಟದ ಬಿಡುವಿನಲ್ಲಿ ಹೇಳಿಕೊಟ್ಟದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಅನೇಕರು ನಾಳೆ ಕಚೇರಿಗಳಲ್ಲಿ ಕುಳಿತು ಇಂಥ ಅಂಕಿಗಳನ್ನೇ ನಂಬಿ ರುಜು ಹಾಕುವವರು.

ಮೊದಲು ಈ ಕಣ್ಣು ಎಂದರೇನು ಎಂಬುದನ್ನು ನೋಡೋಣ. ಬೆಳಕು ಬಿದ್ದೊಡನೆ ವಿದ್ಯುತ್ತಿನ ನಡತೆ ಬದಲಾಗುವ ಪದಾರ್ಥಗಳು ಕೆಲವುಂಟು. ಸಮುದ್ರದಡಿಯ ತಂತಿಗಳ ಪರೀಕ್ಷೆಯಲ್ಲಿ ತೊಡಗಿದ್ದ ವಿಲ್ಲೋಬಿ ಸ್ಮಿತ್ ಎಂಬ ಇಂಗ್ಲಿಷ್ ಇಂಜಿನಿಯರು, ಸೆಲೆನಿಯಂ ಕಡ್ಡಿಗಳ ವಿದ್ಯುತ್ ರೋಧ ಬೆಳಕಿನಲ್ಲಿ ಕಡಮೆಯಾಗುವುದೆಂಬ ಸಂಗತಿಯನ್ನು ೧೮೭೩ರಲ್ಲಿ ಪ್ರಕಟಿಸಿದನು. ೧೮೮೭ರಲ್ಲಿ ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿ, ಅತಿನೇರಿಳೆ ಬೆಳಕು ಬಿದ್ದಾಗ ಲೋಹದ ತುದಿಗಳ ನಡುವೆ ಕಿಡಿ ಸುಲಭವಾಗಿ ಹಾರುವುದನ್ನು ಕಂಡನು. ಇದಕ್ಕೆ ಸರಿಯಾದ ಕಾರಣ ಹೇಳಿದವನು ಐನ್‌ಸ್ಟೈನ್, ೧೯೦೫ರಲ್ಲಿ. ಆತನಿಗೆ ಸಂದ ನೊಬೆಲ್ ಪಾರಿತೋಷಕದಲ್ಲಿ ಹೆಸರಿಸಿದ್ದು ಸಾಪೇಕ್ಷ ಸಿದ್ಧಾಂತವನ್ನಲ್ಲ, ಇದನ್ನೇ. ಮೂಕಚಿತ್ರಗಳಿಗೆ ಮಾತು ಬಂದಾಗ ಫಿಲ್ಮಿನ ಅಂಚಿನಲ್ಲಿ ಅಚ್ಚಾದ ಧ್ವನಿಯ ಪಟ್ಟಿಯನ್ನು ಓದಿ ಹೇಳಿದ್ದೂ ಇಂಥ ದ್ಯುತಿಕೋಶವೇ.

ಕಾರ್ಖಾನೆಗಳಲ್ಲಿ ಮೊದಮೊದಲು ಒಂದು ಕಡೆ ಸಾಮಾನ್ಯ ಬಲ್ಬು, ಇನ್ನೊಂದು ಕಡೆ ದ್ಯುತಿಕೋಶ ಇಡುತ್ತಿದ್ದರು. ಯಂತ್ರಗಳ ಅದುರಾಟಕ್ಕೆ ಬಲ್ಬಿನ ಎಳೆ ಕಡಿಯುವುದು, ಕಿಟಕಿಯ ಬಿಸಿಲು ಬಿದ್ದರೆ ಕೋಶ ಮರುಳಾಗುವುದು, ಇವೆರಡೂ ತೊಡಕಾಗಿದ್ದವು. ೧೯೬೨ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕನ್ನು ಬೀರುವ ಎಲ್.ಇ.ಡಿ.ಯನ್ನು ತೋರಿಸಿದ ತರುವಾಯ ಕ್ರಮೇಣ ಈ ತೊಡಕುಗಳು ನೀಗಿದವು. ಎಲ್.ಇ.ಡಿ.ಗೆ ಕಡಿಯಲು ಎಳೆಯೇ ಇಲ್ಲ. ಅಷ್ಟೇ ಅಲ್ಲ, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಮಿಟುಕಿಸಬಹುದು. ತನ್ನ ದೀಪದ ಮಿಟುಕನ್ನು ಮಾತ್ರ ಗುರುತಿಸಿ ಉಳಿದ ಬೆಳಕನ್ನು ಲೆಕ್ಕಕ್ಕೆ ಹಿಡಿಯದಂತೆ ಕೋಶವನ್ನು ಹೊಂದಿಸಬಹುದು. ಜಾತ್ರೆಯ ಗದ್ದಲದಲ್ಲಿ ತಾಯಿ ತನ್ನ ಮಗುವಿನ ಅಳುವನ್ನೇ ಆರಿಸಿ ಕೇಳಿಸಿಕೊಳ್ಳುವುದಿಲ್ಲವೆ, ಹಾಗೆ. ಆದರೆ ನೇರ ಬಿಸಿಲು ಲೆನ್ಸಿಗೇ ಹೊಡೆದರೆ ಇಂಥ ಕಣ್ಣೂ ಕುರುಡಾಗಬಹುದು. ಪಶ್ಚಿಮದ ಕಿಟಕಿಯ ಎದುರು ಕಣ್ಣನ್ನು ಕೂರಿಸಬಾರದೆಂದು ಮೇಸ್ತ್ರಿಗಳು ಹೇಳುತ್ತಿದ್ದುದು ಇದಕ್ಕೇ.

ಇನ್ನು ಆರಿಸುವ ಮಾತು. ಅಂಗಡಿಯ ಪಟ್ಟಿಯಲ್ಲಿ ನೂರಾರು ಬಗೆ ಕಾಣುತ್ತವೆಯಾದರೂ ಬೆಳಕಿನ ಹಾದಿಯನ್ನು ನೋಡಿದರೆ ಅವು ಮುಖ್ಯವಾಗಿ ಮೂರು ಪಂಗಡ.

ಮೊದಲನೆಯದು ಎದುರುಬದುರಿನ ಕಣ್ಣು. ದೀಪ ಪಟ್ಟಿಯ ಈಚೆ, ಕೋಶ ಆಚೆ. ನಡುವೆ ವಸ್ತು ಬಂದರೆ ಬೆಳಕು ಕಡಿಯುತ್ತದೆ. ಇದು ಅತ್ಯಂತ ಹಳೆಯ ಏರ್ಪಾಡು, ನನ್ನ ಮಟ್ಟಿಗೆ ಅತ್ಯಂತ ಪ್ರಾಮಾಣಿಕವಾದದ್ದು ಕೂಡ. ವಸ್ತುವಿನ ಬಣ್ಣ ಯಾವುದು, ಮೈ ಹೊಳಪೋ ಒರಟೋ ಎಂಬುದನ್ನು ಇದು ಕೇಳುವುದೇ ಇಲ್ಲ. ಬೆಳಕನ್ನು ತಡೆದರೆ ಸಾಕು. ಬೆಳಕು ಒಮ್ಮೆ ಮಾತ್ರ ದಾರಿ ನಡೆಯಬೇಕಾದುದರಿಂದ ಹತ್ತಾರು ಮೀಟರು ದೂರಕ್ಕೂ, ಹಿಟ್ಟಿನ ಗಿರಣಿಯಂಥ ದೂಳಿನ ಜಾಗಕ್ಕೂ ಒದಗುತ್ತದೆ. ಕಷ್ಟವೆಂದರೆ ಎರಡು ಕಡೆಗೂ ತಂತಿ ಎಳೆಯಬೇಕು, ಎರಡನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಬೇಕು.

ಎರಡನೆಯದರಲ್ಲಿ ದೀಪವೂ ಕೋಶವೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಎದುರಿಗೆ ಒಂದು ಪ್ರತಿಫಲಕ. ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನ ಮೇಲಿರುವ ಕೆಂಪು ಬಿಲ್ಲೆಯನ್ನು ನೀವು ನೋಡಿರುತ್ತೀರಿ. ಅದರೊಳಗೆ ಮೂರು ಮೈಗಳು ಕೂಡಿದ ಸಣ್ಣ ಸಣ್ಣ ಮೂಲೆಗಳ ಸಾಲಿದೆ. ಕೋಣೆಯ ಮೂಲೆಗೆ ಚೆಂಡೆಸೆದರೆ ಮೂರು ಕಡೆ ತಾಗಿ ಎಸೆದವನ ಕಡೆಗೇ ಬರುವಂತೆ, ಬೆಳಕು ಮೂರು ಸಲ ಪುಟಿದು ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಬಿಲ್ಲೆ ಕೊಂಚ ಓರೆಯಾಗಿದ್ದರೂ ಚಿಂತೆಯಿಲ್ಲ. ೧೯೬೯ರಲ್ಲಿ ಅಪೊಲೊ ೧೧ರ ಯಾತ್ರಿಕರು ಚಂದ್ರನ ನೆಲದ ಮೇಲೆ ಇಟ್ಟು ಬಂದ ಪ್ರತಿಫಲಕವೂ ಇದೇ ಜಾತಿಯದು. ಅದರಿಂದ ಪುಟಿದ ಲೇಸರ್ ಬೆಳಕಿನಿಂದ ಇಂದಿಗೂ ಚಂದ್ರನ ದೂರವನ್ನು ಅಳೆಯುತ್ತಾರೆ. ಒಂದೇ ಕಡೆ ತಂತಿ ಸಾಕಾದುದರಿಂದ ಕಾರ್ಖಾನೆಗಳಲ್ಲಿ ಈ ಪಂಗಡಕ್ಕೆ ಬಹಳ ಬಳಕೆ.

ಆದರೆ ಇಲ್ಲೊಂದು ಮೋಸವಿದೆ. ಹಾದುಹೋಗುವ ವಸ್ತುವೇ ಕನ್ನಡಿಯಂತೆ ಹೊಳೆಯುವ ತಗಡಾದರೆ? ಅದು ಬೆಳಕನ್ನು ಕಡಿಯುವ ಬದಲು ತಾನೇ ಹಿಂದಕ್ಕೆ ಕಳಿಸಿಬಿಡುತ್ತದೆ. ಪೆಟ್ಟಿಗೆಯೊಳಗಿನ ಕೋಶ ‘ಬೆಳಕು ಬರುತ್ತಿದೆ, ಎದುರಿಗೆ ಏನೂ ಇಲ್ಲ’ ಎಂದು ತಿಳಿಯುತ್ತದೆ. ಇದಕ್ಕೆ ಪರಿಹಾರ ಬೆಳಕಿನ ಧ್ರುವೀಕರಣ. ದೀಪದ ಮುಂದೆ ಒಂದು ಶೋಧಕವನ್ನಿಟ್ಟು ಲಂಬವಾಗಿ ಕಂಪಿಸುವ ಬೆಳಕನ್ನು ಮಾತ್ರ ಹೊರಬಿಡುತ್ತಾರೆ. ಕೋಶದ ಮುಂದೆ ಅಡ್ಡಲಾಗಿ ಕಂಪಿಸುವುದನ್ನು ಮಾತ್ರ ಒಳಬಿಡುವ ಶೋಧಕವನ್ನು ಇಡುತ್ತಾರೆ. ಮೂಲೆಗಳ ಪ್ರತಿಫಲಕದಲ್ಲಿ ಮೂರು ಸಲ ಪುಟಿಯುವಾಗ ಬೆಳಕಿನ ಕಂಪನದ ತಲ ತಿರುಗುತ್ತದೆ, ಆದುದರಿಂದ ಅದರಲ್ಲೊಂದು ಪಾಲು ಒಳಗೆ ಬರುತ್ತದೆ. ಹೊಳೆಯುವ ತಗಡಿನಿಂದ ಒಮ್ಮೆ ಪುಟಿದ ಬೆಳಕಿನ ತಲ ಹಾಗೆಯೇ ಉಳಿಯುವುದರಿಂದ ಅದಕ್ಕೆ ಬಾಗಿಲು ಮುಚ್ಚಿರುತ್ತದೆ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಎರಡು ಶೋಧಕಗಳನ್ನು ಅಡ್ಡಲಾಗಿ ಹಿಡಿದಾಗ ಕತ್ತಲೆ ಕವಿಯುವುದನ್ನು ತೋರಿಸುತ್ತಾರಲ್ಲ, ಅದರ ಉಪಯೋಗ ಇಲ್ಲಿದೆ. ತಗಡಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಸುತ್ತಿದ್ದರೆ ಮಾತ್ರ ಆ ಹಾಳೆಯೇ ತಲವನ್ನು ತಿರುಗಿಸಿ ಈ ಉಪಾಯವನ್ನೂ ಕೆಡಿಸಬಹುದು. ಧ್ರುವೀಕರಣವಿರುವ ಕಣ್ಣಿಗೂ ಇಲ್ಲದ ಕಣ್ಣಿಗೂ ಹೊರನೋಟದಲ್ಲಿ ವ್ಯತ್ಯಾಸ ಕಾಣದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಮೂರನೆಯ ಪಂಗಡದಲ್ಲಿ ಪ್ರತಿಫಲಕವೂ ಇಲ್ಲ. ವಸ್ತುವಿನ ಮೈಯಿಂದ ಚೆದರಿ ಬಂದ ಬೆಳಕನ್ನೇ ಕೋಶ ಹಿಡಿಯುತ್ತದೆ. ಕೂರಿಸುವುದು ಬಲು ಸುಲಭ, ಖರ್ಚು ಕಡಮೆ. ನಮ್ಮ ಬಾಟಲಿಯ ಸಾಲಿನಲ್ಲಿ ಇದ್ದದ್ದು ಇದೇ. ಇದರ ಗುಣವೆಲ್ಲ ವಸ್ತುವಿನ ಮೈಯನ್ನು ಅವಲಂಬಿಸಿದೆ. ‘ಇಷ್ಟು ಸೆಂಟಿಮೀಟರು ದೂರದಿಂದ ಕಾಣುತ್ತದೆ’ ಎಂದು ಪಟ್ಟಿಯಲ್ಲಿ ಬರೆದಿದ್ದರೆ ಅದು ಸಾಮಾನ್ಯವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ೯೦ ಪಾಲನ್ನು ಹಿಂದಿರುಗಿಸುವ ಬಿಳಿಯ ಕಾಗದಕ್ಕೆ ಹೇಳಿದ ಮಾತು. ಕರಿಯ ರಬ್ಬರನ್ನು ಹಿಡಿದರೆ ಆ ದೂರ ಎಷ್ಟೋ ಪಾಲು ಇಳಿದುಹೋಗುತ್ತದೆ. ಬಿಳಿಯ ಕಾಗದದ ಲೆಕ್ಕ ನೋಡಿ ಕೊಂಡುತಂದು, ಕರಿಯ ವಸ್ತುವಿನ ಮುಂದೆ ಕೂರಿಸಿ, ಕಣ್ಣು ಕೆಟ್ಟಿದೆಯೆಂದು ಹಿಂದಕ್ಕೆ ಕಳಿಸುವವರು ಬಹಳ ಮಂದಿಯಂತೆ. ಇನ್ನೊಂದು ತೊಡಕೆಂದರೆ ವಸ್ತುವಿನ ಹಿಂದೆ ಬಿಳಿಯ ಗೋಡೆಯಿದ್ದರೆ ಕಣ್ಣು ಗೋಡೆಯನ್ನೇ ವಸ್ತುವೆಂದು ತಿಳಿಯುವುದು.

ಈ ಎರಡು ತೊಡಕುಗಳನ್ನು ನೀಗಿಸಲು ಹಿನ್ನೆಲೆಯನ್ನು ಮರೆಯುವ ಕಣ್ಣುಗಳನ್ನು ಮಾಡಿದ್ದಾರೆ. ಸರ್ವೆಯವರು ಹೊಳೆಯನ್ನು ದಾಟದೆಯೇ ಕೋನದ ಲೆಕ್ಕದಿಂದ ಅದರ ಅಗಲವನ್ನು ಹೇಳುತ್ತಾರಷ್ಟೆ. ಹಾಗೆಯೇ ಹತ್ತಿರದ ವಸ್ತುವಿನಿಂದ ಬಂದ ಬೆಳಕು ಒಂದು ಕೋನದಲ್ಲಿ, ದೂರದ್ದರಿಂದ ಬಂದದ್ದು ಮತ್ತೊಂದು ಕೋನದಲ್ಲಿ ಲೆನ್ಸನ್ನು ಸೇರಿ, ಕೋಶದ ಬೇರೆ ಬೇರೆ ಭಾಗಗಳ ಮೇಲೆ ಬೀಳುತ್ತದೆ. ಬೆಳಕು ಎಷ್ಟು ಬಂತು ಎಂದಲ್ಲ, ಎಲ್ಲಿ ಬಿತ್ತು ಎಂದು ಈ ಕಣ್ಣು ನೋಡುತ್ತದೆ. ಆದುದರಿಂದ ಕಪ್ಪು ಬಿಳುಪುಗಳ ಭೇದ ಬಹುಮಟ್ಟಿಗೆ ಅಳಿಯುತ್ತದೆ. ಬೆಲೆ ಕೊಂಚ ಹೆಚ್ಚು. ಆದರೆ ನಾನಾ ಬಣ್ಣದ ಡಬ್ಬಗಳು ಒಂದೇ ಪಟ್ಟಿಯಲ್ಲಿ ಬರುವ ಕಡೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಪಂಗಡವನ್ನು ಗೊತ್ತುಮಾಡಿದ ಮೇಲೆ ನೋಡಬೇಕಾದದ್ದು ಬೆಳಕಿನ ಮಿಗುತೆ. ಕೋಶ ಕೆಲಸಮಾಡಲು ಕನಿಷ್ಠ ಎಷ್ಟು ಬೆಳಕು ಬೇಕೋ ಅದರ ಎಷ್ಟು ಪಟ್ಟು ಬೆಳಕು ಬರುತ್ತಿದೆ ಎಂಬುದೇ ಮಿಗುತೆ. ಹೊಸದಾಗಿ ಕೂರಿಸಿದ ದಿನ ಎಲ್ಲ ಕಣ್ಣುಗಳೂ ಚೆನ್ನಾಗಿಯೇ ನೋಡುತ್ತವೆ. ತಿಂಗಳು ಕಳೆದು ಲೆನ್ಸಿನ ಮೇಲೆ ದೂಳು ಕುಳಿತಾಗ, ಮಳೆಗಾಲದಲ್ಲಿ ಮಂಜು ಹಿಡಿದಾಗ ಗೊತ್ತಾಗುತ್ತದೆ. ಅನುಭವಿಗಳು ಬಳಸುವ ಒಂದು ಸ್ಥೂಲ ಲೆಕ್ಕವಿದೆ: ಶುದ್ಧವಾದ ಕೋಣೆಯಲ್ಲಿ ಒಂದೂವರೆ ಪಟ್ಟು ಸಾಕು, ಸ್ವಲ್ಪ ದೂಳಿದ್ದರೆ ೫ ಪಟ್ಟು, ಸಾಧಾರಣ ಕೊಳೆಯಿದ್ದರೆ ೧೦ ಪಟ್ಟು, ತೀರ ಕೊಳೆಯಾದ ಜಾಗಕ್ಕೆ ೫೦ ಪಟ್ಟು. ಎದುರುಬದುರಿನ ಕಣ್ಣಿನಲ್ಲಿ ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಾಗುತ್ತದೆ. ಆದುದರಿಂದ ಪಟ್ಟಿಯಲ್ಲಿ ಬರೆದಿರುವ ಗರಿಷ್ಠ ದೂರಕ್ಕೆ ಕಣ್ಣನ್ನು ಕೂರಿಸಿದವನಿಗೆ ಮಿಗುತೆ ಎಂಬುದೇ ಇಲ್ಲ. ಮೊದಲ ದೂಳಿಗೇ ಆತನ ಯಂತ್ರ ನಿಲ್ಲುತ್ತದೆ. ಒಮ್ಮೆ ನಮ್ಮಲ್ಲಿ ರಾತ್ರಿಯ ಪಾಳಿ ಮುಗಿದು ಪಟ್ಟಿ ನಿಂತಿದ್ದಾಗಲೂ ಮತ್ತೊಂದು ಹಲಗೆಯಲ್ಲಿ ಅಂಕಿ ಏರಿತ್ತು. ಬೆಳಿಗ್ಗೆ ನೋಡಿದರೆ ಹಲ್ಲಿಯೊಂದು ಪ್ರತಿಫಲಕದ ಮೇಲೆ ಸಂಸಾರ ಹೂಡಿತ್ತು. ಇದಕ್ಕೆ ಯಾವ ಪುಸ್ತಕದಲ್ಲಿಯೂ ಲೆಕ್ಕ ಸಿಕ್ಕಲಿಲ್ಲ.

ಹಾಗಾದರೆ ಮಿಗುತೆ ಹೆಚ್ಚಿದ್ದಷ್ಟೂ ಒಳ್ಳೆಯದೆ? ಅಲ್ಲ. ಗಾಜಿನ ವಿಷಯದಲ್ಲಿ ಈ ನಿಯಮ ತಲೆಕೆಳಗಾಗುತ್ತದೆ. ಗಾಜಿನ ಒಂದೊಂದು ಮೈಯಲ್ಲೂ ನೂರಕ್ಕೆ ಸುಮಾರು ೪ ಪಾಲು ಬೆಳಕು ಮಾತ್ರ ಹಿಂದಕ್ಕೆ ಹೋಗುತ್ತದೆ. ಖಾಲಿ ಬಾಟಲಿಯನ್ನು ನಟ್ಟನಡುವೆ ಹಾಯ್ದ ಬೆಳಕು ಎರಡು ಗೋಡೆಗಳ ನಾಲ್ಕು ಮೈಗಳನ್ನು ದಾಟಬೇಕು. ೦.೯೬ನ್ನು ನಾಲ್ಕು ಸಲ ಗುಣಿಸಿ ನೋಡಿದರೆ ೦.೮೫ರಷ್ಟು ಬರುತ್ತದೆ. ಎಂದರೆ ನೂರಕ್ಕೆ ೮೫ ಪಾಲು ಬೆಳಕು ಆಚೆ ತಲಪಿಯೇ ತಲಪುತ್ತದೆ! ಐವತ್ತು ಪಟ್ಟು ಮಿಗುತೆಯಿರುವ ಕಣ್ಣಿಗೆ ಈ ಹದಿನೈದು ಪಾಲಿನ ಇಳಿತ ಲೆಕ್ಕಕ್ಕೇ ಇಲ್ಲ; ಬಾಟಲಿ ಅದಕ್ಕೆ ಕಾಣುವುದೇ ಇಲ್ಲ. ಗಾಜನ್ನು ಕಾಣಬೇಕಾದರೆ ನೂರಕ್ಕೂ ಎಂಬತ್ತೈದಕ್ಕೂ ಇರುವ ಭೇದವನ್ನು ಹಿಡಿಯುವ ಸೂಕ್ಷ್ಮವಾದ ಕಣ್ಣು ಬೇಕು, ಅದರ ಲೆನ್ಸು ಸದಾ ಶುಚಿಯಾಗಿರಬೇಕು. ಸಾಲದ್ದಕ್ಕೆ ದುಂಡಾದ ಬಾಟಲಿ ತಾನೇ ಒಂದು ಲೆನ್ಸಿನಂತೆ ವರ್ತಿಸುತ್ತದೆ. ಅದರ ಎರಡು ಅಂಚುಗಳಲ್ಲಿ ಬೆಳಕು ಪಕ್ಕಕ್ಕೆ ಬಾಗಿ ಕತ್ತಲೆ, ನಡುವೆ ಬೆಳಕು, ಮತ್ತೆ ಕತ್ತಲೆ. ಆದುದರಿಂದ ಎದುರುಬದುರಿನ ಕಣ್ಣನ್ನು ಇಟ್ಟರೂ ಒಂದು ಬಾಟಲಿ ಎರಡಾಗಿ ಎಣಿಕೆಯಾಗುವ ಭಯ ಇದ್ದೇ ಇದೆ.

ವೇಗದ ಲೆಕ್ಕವನ್ನೂ ಮರೆಯಬಾರದು. ಸೆಕೆಂಡಿಗೆ ಅರ್ಧ ಮೀಟರು ಸಾಗುವ ಪಟ್ಟಿಯ ಮೇಲೆ ೩ ಸೆಂಟಿಮೀಟರು ಅಗಲದ ವಸ್ತು ಬೆಳಕಿನ ಮುಂದೆ ಇರುವುದು ೬೦ ಮಿಲಿಸೆಕೆಂಡು ಮಾತ್ರ. ೧ ಮಿಲಿಸೆಕೆಂಡಿನಲ್ಲಿ ಎಚ್ಚರಗೊಳ್ಳುವ ಸಾಧಾರಣ ಕಣ್ಣಿಗೆ ಇದು ಧಾರಾಳವಾದ ಕಾಲ. ಆದರೆ ಸೆಕೆಂಡಿಗೆ ೨ ಮೀಟರು ಓಡುವ ಹಾಳೆಯ ಮೇಲಿನ ೨ ಮಿಲಿಮೀಟರಿನ ಗುರುತು ಒಂದೇ ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಲ್ಲಿಗೆ ಅದರ ಹತ್ತರಲ್ಲೊಂದು ಪಾಲಿನ ಕಾಲದಲ್ಲಿ ಎಚ್ಚರಗೊಳ್ಳುವ ಕಣ್ಣು ಬೇಕು. ಕಣ್ಣೊಂದು ಚುರುಕಾದರೆ ಸಾಲದು, ಅದರ ಮಾತನ್ನು ಕೇಳುವ ನಿಯಂತ್ರಕವೂ ಚುರುಕಾಗಿರಬೇಕು. ಹತ್ತು ಮಿಲಿಸೆಕೆಂಡಿಗೊಮ್ಮೆ ಮಾತ್ರ ಬಾಗಿಲ ಕಡೆ ನೋಡುವ ನಿಯಂತ್ರಕಕ್ಕೆ ಒಂದು ಮಿಲಿಸೆಕೆಂಡು ಬಾಗಿಲು ತಟ್ಟಿ ಹೋದವನು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ.

ಬಣ್ಣದ ಮಾತು ಬಿಸ್ಕತ್ತು, ಊದಿನಕಡ್ಡಿ ಮುಂತಾದವುಗಳ ಹೊದಿಕೆಯ ಹಾಳೆಯಲ್ಲಿ ಬರುತ್ತದೆ. ಎಲ್ಲಿ ಕತ್ತರಿಸಬೇಕೆಂದು ತಿಳಿಸಲು ಹಾಳೆಯ ಅಂಚಿನಲ್ಲಿ ಚಿಕ್ಕ ಗುರುತನ್ನು ಅಚ್ಚುಹಾಕಿರುತ್ತಾರೆ. ಬಿಳಿಯ ಹಾಳೆಯ ಮೇಲಿನ ಕೆಂಪು ಗುರುತಿಗೆ ಕೆಂಪು ಬೆಳಕು ಬಿಟ್ಟರೆ ಎರಡೂ ಒಂದೇ ಸಮನಾಗಿ ಹೊಳೆದು ಗುರುತು ಮಾಯವಾಗುತ್ತದೆ. ಚಿಕ್ಕಂದಿನಲ್ಲಿ ಕೆಂಪು ಗಾಜುಕಾಗದದ ಮೂಲಕ ಕೆಂಪು ಶಾಯಿಯ ಬರಹವನ್ನು ನೋಡಿದವರಿಗೆ ಇದು ಗೊತ್ತು. ಅಲ್ಲಿಗೆ ಹಸಿರು ಬೆಳಕು ಬೇಕು. ಬಿಳಿಯ ಮೇಲಿನ ಹಳದಿಯನ್ನು ಕಾಣಲು ನೀಲಿ ಬೆಳಕು ಬೇಕು. ಪ್ರಕಾಶಮಾನವಾದ ನೀಲಿ ಎಲ್.ಇ.ಡಿ. ಬಹುಕಾಲ ಕೈಗೆ ಸಿಕ್ಕಿರಲಿಲ್ಲ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈಗಿನ ಗುರುತು ಓದುವ ಕಣ್ಣುಗಳಲ್ಲಿ ಕೆಂಪು, ಹಸಿರು, ನೀಲಿ ಮೂರೂ ದೀಪಗಳಿದ್ದು, ಯಾವುದರಲ್ಲಿ ಭೇದ ಹೆಚ್ಚು ಕಾಣುವುದೋ ಅದನ್ನು ತಾವೇ ಆರಿಸಿಕೊಳ್ಳುವಂಥವೂ ಉಂಟು. ವಸ್ತು ಇದೆಯೋ ಇಲ್ಲವೋ ಎಂದಷ್ಟೇ ಅಲ್ಲದೆ, ಚೀಟಿ ಸೊಟ್ಟಗಿದೆಯೆ, ಅಕ್ಷರ ಸರಿಯಿದೆಯೆ ಎಂದೂ ತಿಳಿಯಬೇಕಾದರೆ ಕ್ಯಾಮೆರಾ ಬೇಕು. ಅದು ಬೇರೆಯೇ ಒಂದು ಲೇಖನದ ವಿಷಯ.

ಇಷ್ಟನ್ನೂ ಹೇಳಿದ ಮೇಲೆ ಮೇಸ್ತ್ರಿಗಳು ನನ್ನನ್ನು ಒಂದು ಪ್ರಶ್ನೆ ಕೇಳಿದರು. “ಈ ಕಣ್ಣು ಸತ್ತರೆ ಏನು ಹೇಳುತ್ತದೆ?” ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಎದುರುಬದುರಿನ ಕಣ್ಣಿನಲ್ಲಿ ದೀಪ ಆರಿದರೆ ಕತ್ತಲೆ. ಕತ್ತಲೆ ಎಂದರೆ ‘ವಸ್ತು ಇದೆ’. ಚೆದರಿದ ಬೆಳಕನ್ನು ಹಿಡಿಯುವ ಕಣ್ಣಿನಲ್ಲಿ ದೀಪ ಆರಿದರೂ ಕತ್ತಲೆಯೇ. ಆದರೆ ಅಲ್ಲಿ ಕತ್ತಲೆ ಎಂದರೆ ‘ವಸ್ತು ಇಲ್ಲ’. ಒಂದೇ ಕೆಡಕು, ಎರಡು ವಿರುದ್ಧವಾದ ಮಾತು. ಬಾಟಲಿ ಎಣಿಸುವಲ್ಲಿ ಇದರಿಂದ ಲೆಕ್ಕ ತಪ್ಪೀತು. ಕೈಯಿಡುವ ಯಂತ್ರದಲ್ಲಾದರೆ?

ಆಗ ಅವರು ತಮ್ಮ ಬಲಗೈಯನ್ನು ಮೇಜಿನ ಮೇಲೆ ಇಟ್ಟರು. ಅದರಲ್ಲಿ ಎರಡು ಬೆರಳುಗಳಿಲ್ಲವೆಂಬುದನ್ನು ನಾನು ಮೊದಲ ದಿನವೇ ನೋಡಿದ್ದೆ, ಕೇಳಿರಲಿಲ್ಲ. ಬಹಳ ವರ್ಷಗಳ ಹಿಂದೆ ಅವರು ತಗಡು ಒತ್ತುವ ಒಂದು ಷೆಡ್ಡಿನಲ್ಲಿ ಪ್ರೆಸ್ಸಿನ ಮೇಲೆ ಕೆಲಸಕ್ಕಿದ್ದರಂತೆ. ಪ್ರೆಸ್ಸಿನ ಬಾಯಿಗೆ ಪ್ರತಿಫಲಕದ ಪಂಗಡದ ಒಂದು ಸಾಮಾನ್ಯ ಕಣ್ಣನ್ನು ಕೂರಿಸಿ, ಕೈ ಒಳಗಿದ್ದರೆ ಯಂತ್ರ ಇಳಿಯುವುದಿಲ್ಲವೆಂದು ಧೈರ್ಯ ಹೇಳಿದ್ದರು. ತಿಂಗಳುಗಟ್ಟಲೆ ಇಳಿಯಲಿಲ್ಲ. ಒಂದು ದಿನ ಹೊಸ ಮಾಲು ಬಂತು, ಕನ್ನಡಿಯಂಥ ತಗಡು. ಅದನ್ನು ಹಿಡಿದು ಕೈಯನ್ನು ಒಳಗೆ ಇಟ್ಟಾಗ ತಗಡೇ ಬೆಳಕನ್ನು ಹಿಂದಕ್ಕೆ ಕಳಿಸಿತು. ಮುಂದಿನದನ್ನು ಬರೆಯಬೇಕಾಗಿಲ್ಲ. ತನಗೆ ಏನಾಯಿತು ಎಂಬುದನ್ನು ತಿಳಿಯಬೇಕೆಂಬ ಹಟದಿಂದಲೇ ಅವರು ಈ ವಿದ್ಯೆಯನ್ನು ಕಲಿತದ್ದು.

ಧ್ರುವೀಕರಣವಿದ್ದ ಕಣ್ಣಾಗಿದ್ದರೆ ಬೆರಳು ಉಳಿಯುತ್ತಿತ್ತೆ ಎಂದು ನಾನು ಕೇಳಿದೆ. ಆ ದಿನ ಉಳಿಯುತ್ತಿತ್ತೇನೋ, ಆದರೂ ಅದು ತಪ್ಪೇ ಎಂದರು. ಎಣಿಸುವ ಕಣ್ಣು ಬೇರೆ, ಕಾಯುವ ಕಣ್ಣು ಬೇರೆ. ಕಾಯುವುದಕ್ಕೆಂದೇ ಬೆಳಕಿನ ಪರದೆ ಎಂಬ ಉಪಕರಣವುಂಟು. ಜರ್ಮನಿಯ ಎರ್ವಿನ್ ಸಿಕ್ ಎಂಬಾತ ಇಂಥದನ್ನು ೧೯೫೨ರಲ್ಲಿ ಹಾನೋವರ್ ನಗರದ ಯಂತ್ರಗಳ ಪ್ರದರ್ಶನದಲ್ಲಿ ಜನರ ಮುಂದಿಟ್ಟನು. ಈಗಿನ ಪರದೆಯಲ್ಲಿ ಒಂದರ ಪಕ್ಕದಲ್ಲಿ ಒಂದು ಹತ್ತಾರು ಬೆಳಕಿನ ಗೆರೆಗಳಿರುತ್ತವೆ. ಅದು ಕೈಯನ್ನು ಕಾಯುವುದರ ಜೊತೆಗೆ ತನ್ನನ್ನು ತಾನು ಎಡೆಬಿಡದೆ ಪರೀಕ್ಷಿಸಿಕೊಳ್ಳುತ್ತಿರುತ್ತದೆ. ಒಳಗೆ ಯಾವ ಭಾಗ ಕೆಟ್ಟರೂ ಅದರಿಂದ ಹೊರಡುವುದು ‘ನಿಲ್ಲು’ ಎಂಬ ಮಾತೊಂದೇ. ನಿಲ್ಲಿಸುವ ತಂತಿಯೂ ಒಂದಲ್ಲ, ಎರಡು. ಐ.ಇ.ಸಿ. ೬೧೪೯೬ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇವುಗಳ ದರ್ಜೆಗಳನ್ನು ಹೇಳಿದೆ. ಪ್ರೆಸ್ಸಿನಂಥ ಅಪಾಯದ ಯಂತ್ರಕ್ಕೆ ನಾಲ್ಕನೆಯ ದರ್ಜೆಯನ್ನು ಆರಿಸುತ್ತಾರೆ.

ಪರದೆಯನ್ನು ಎಷ್ಟು ದೂರದಲ್ಲಿ ನಿಲ್ಲಿಸಬೇಕೆಂಬುದಕ್ಕೂ ಐ.ಎಸ್.ಒ. ೧೩೮೫೫ ಎಂಬ ಮಾನದಂಡದಲ್ಲಿ ಲೆಕ್ಕವಿದೆ. ಮನುಷ್ಯನ ಕೈ ಸೆಕೆಂಡಿಗೆ ೨ ಮೀಟರು ವೇಗದಲ್ಲಿ ಮುನ್ನುಗ್ಗುತ್ತದೆಂದು ಹಿಡಿಯುತ್ತಾರೆ. ಪರದೆ ಎಚ್ಚರಗೊಂಡು ಯಂತ್ರ ಪೂರ್ತಿ ನಿಲ್ಲಲು ೦.೧೫ ಸೆಕೆಂಡು ಬೇಕಾದರೆ ಅಷ್ಟರಲ್ಲಿ ಕೈ ೩೦ ಸೆಂಟಿಮೀಟರು ಚಲಿಸಿರುತ್ತದೆ. ಪರದೆ ಅಪಾಯದ ಜಾಗದಿಂದ ಕನಿಷ್ಠ ಅಷ್ಟು ದೂರ ಇರಬೇಕು. ಇದು ೧೪ ಮಿಲಿಮೀಟರಿನ ವಸ್ತುವನ್ನೂ, ಎಂದರೆ ಬೆರಳನ್ನೂ ಕಾಣುವ ಪರದೆಗೆ. ೩೦ ಮಿಲಿಮೀಟರಿಗಿಂತ ಸಣ್ಣದು ಕಾಣದ ಪರದೆಯಾದರೆ ಬೆರಳು ಗೆರೆಗಳ ನಡುವೆ ನುಸುಳಿ ಮುಂದೆ ಹೋಗಬಲ್ಲದು. ಆದುದರಿಂದ ೧೪ಕ್ಕಿಂತ ಹೆಚ್ಚಾದ ೧೬ ಮಿಲಿಮೀಟರನ್ನು ಎಂಟರಿಂದ ಗುಣಿಸಿ, ೧೨೮ ಮಿಲಿಮೀಟರು ಕೂಡಿಸಬೇಕು. ಒಟ್ಟು ೪೩ ಸೆಂಟಿಮೀಟರಿನಷ್ಟಾಯಿತು. ಕೆಲಸಗಾರನಿಗೆ ಕೈ ಚಾಚಲು ದೂರವಾಗುತ್ತದೆಂದು ಪರದೆಯನ್ನು ಹತ್ತಿರಕ್ಕೆ ಸರಿಸಿದರೆ ಪರದೆ ಇದ್ದೂ ಇಲ್ಲದಂತೆ.

ಇನ್ನೂ ಒಂದು ಮಾತು. ಹಳೆಯ ಬಗೆಯ ಪ್ರೆಸ್ಸುಗಳಲ್ಲಿ ಒಮ್ಮೆ ಪೆಡಲು ತುಳಿದರೆ ಗಾಲಿ ಒಂದು ಸುತ್ತು ಮುಗಿಸಿಯೇ ನಿಲ್ಲುತ್ತದೆ. ನಡುವೆ ಯಾರು ಕೂಗಿದರೂ ನಿಲ್ಲದು. ಇಂಥ ಯಂತ್ರಕ್ಕೆ ಎಷ್ಟು ಬೆಲೆಯ ಪರದೆಯನ್ನು ತಂದರೂ ಫಲವಿಲ್ಲ. ಪರದೆ ‘ನಿಲ್ಲು’ ಎನ್ನುತ್ತದೆ, ಯಂತ್ರಕ್ಕೆ ನಿಲ್ಲುವ ಶಕ್ತಿಯೇ ಇಲ್ಲ. ಅದಕ್ಕೆ ಕೈಯೇ ಒಳಗೆ ಹೋಗದಂತೆ ಕಬ್ಬಿಣದ ಜಾಲರಿ ಬೇಕು. ಹಾಗಿದ್ದೂ ಅಂಥ ಪ್ರೆಸ್ಸಿಗೆ ಪರದೆಯನ್ನು ಮಾರುವವನು ಅಜ್ಞಾನಿಯಲ್ಲದಿದ್ದರೆ ಮೋಸಗಾರ.

ಈಗ ನಮ್ಮ ಬಾಟಲಿಗಳಿಗೆ ಹಿಂದಿರುಗೋಣ. ಗಾಜನ್ನು ಕಾಣುವ ಸೂಕ್ಷ್ಮವಾದ ಕಣ್ಣನ್ನು ತರಿಸುವರೆಂದು ನಾನು ಎಣಿಸಿದ್ದೆ. ಮೇಸ್ತ್ರಿಗಳು ಹಾಗೆ ಮಾಡಲಿಲ್ಲ. ಉಗ್ರಾಣದಲ್ಲಿ ಬಿದ್ದಿದ್ದ ಎದುರುಬದುರಿನ ಒಂದು ಹಳೆಯ ಜೋಡಿಯನ್ನು ಒರೆಸಿ ತಂದು, ತೊಳೆಯುವ ಕಡೆಯಿಂದ ದೂರಕ್ಕೆ, ಮುಚ್ಚಳ ಹಾಕುವ ಯಂತ್ರದಿಂದ ಮುಂದಕ್ಕೆ, ಸರಿಯಾಗಿ ಮುಚ್ಚಳದ ಎತ್ತರದಲ್ಲಿ ಕೂರಿಸಿದರು. ತಗಡಿನ ಮುಚ್ಚಳದಲ್ಲಿ ಬೆಳಕು ಹಾಯುವ ಮಾತೇ ಇಲ್ಲ. ಹನಿ ಕುಳಿತಿದ್ದರೂ ಚಿಂತೆಯಿಲ್ಲ. ಅದು ಹೊಳೆದರೂ ಎದುರುಬದುರಿನ ಕಣ್ಣಿಗೆ ಅದರ ಗೊಡವೆಯಿಲ್ಲ. ಇನ್ನೊಂದು ಅನುಕೂಲವನ್ನು ನಾನು ಆಮೇಲೆ ಕಂಡುಕೊಂಡೆ. ಬಾಟಲಿಗಳು ಒಂದಕ್ಕೊಂದು ಮೈತಾಗಿಸಿಕೊಂಡು ಬಂದಾಗ ಹೊಟ್ಟೆಯ ಎತ್ತರದಲ್ಲಿ ಅವ‌ುಗಳ ನಡುವೆ ಸಂದೇ ಇರುವುದಿಲ್ಲ. ಆದರೆ ಹೊಟ್ಟೆ ೬ ಸೆಂಟಿಮೀಟರಾದರೆ ಮುಚ್ಚಳ ೩. ಆದುದರಿಂದ ಎಷ್ಟೇ ಒತ್ತಾಗಿ ಬಂದರೂ ಎರಡು ಮುಚ್ಚಳಗಳ ನಡುವೆ ೩ ಸೆಂಟಿಮೀಟರು ಬಯಲು ಇದ್ದೇ ಇರುತ್ತದೆ. ಹೊಸದೇನನ್ನೂ ಕೊಳ್ಳದೆ, ನೋಡುವ ಜಾಗವನ್ನು ಬದಲಿಸಿದ್ದರಿಂದಲೇ ಕೆಲಸವಾಯಿತು.

ಮರುದಿನದಿಂದ ಎರಡು ಕಲಮುಗಳೂ ಹೊಂದಿಕೊಂಡವು. ಹೆಚ್ಚುಕಡಮೆಯೆಂದರೆ ಮುಚ್ಚಳ ಬಿದ್ದ ಮೇಲೆ ಒಡೆದ ಒಂದೋ ಎರಡೋ. ಕೂಲಿ ಮುರಿಯುವುದು ನಿಂತಿತು. ಅದಕ್ಕೆ ಮೊದಲು ಮುರಿದುಕೊಂಡ ಎರಡು ವಾರದ ಹಣದ ಲೆಕ್ಕವನ್ನು ನಾನು ಹುಡುಗರ ಹೆಸರಿನ ಮುಂದೆ ಒಂದೊಂದಾಗಿ ಬರೆದು, ಕಾರಣವನ್ನೂ ವಿವರಿಸಿ, ಕಚೇರಿಗೆ ಒಪ್ಪಿಸಿದೆ. ಆ ವಾರಗಳ ಪುಸ್ತಕ ಮುಗಿಸಿಯಾಯಿತೆಂದು ಹೇಳಿದರು. ಕಾಲೇಜು ತೆರೆಯುವ ಹಿಂದಿನ ದಿನ ಮತ್ತೊಮ್ಮೆ ಕೇಳಿದೆ, ವಿಚಾರಿಸೋಣ ಎಂದರು. ಕಾಗದದ ಒಂದು ಪ್ರತಿ ಮೇಸ್ತ್ರಿಗಳ ಬಳಿ ಇದೆ, ಇನ್ನೊಂದು ನನ್ನ ಬಳಿ.